ದ್ರಾಕ್ಷಾರಾಗ ವಿಚಾರ

ಅಮರಸಿಂಹನು ತನ್ನ ಕೋಶದಲ್ಲಿ ದ್ರಾಕ್ಷೆಗೆ ಐದು ಹೆಸರುಗಳನ್ನು ಕೊಟ್ಟಿರುವನು. ಅವುಗಳಲ್ಲಿ ಮೃದ್ವೀಕಾ ಎಂಬುದು ಹಣ್ಣಿನ ಮೃದುತ್ವವನ್ನು ಸೂಚಿಸುತ್ತದೆ. ಗೋಸ್ತನೀ ಎಂಬುದು ಆಕಾರವನ್ನು. ಸ್ವಾದ್ವೀ, ಮಧುರಸಾ ಎಂಬೆರಡು ರುಚಿಯನ್ನು. ಉಳಿದ ದ್ರಾಕ್ಷಾ ಶಬ್ದದ ನಿಷ್ಪತ್ತಿಯಲ್ಲಿ ಮತಭೇದಗಳುಂಟಾದುದರಿಂದ ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಕೌಟಲ್ಯನು ಸುರಾಧ್ಯಕ್ಷ ಪ್ರಕರಣದಲ್ಲಿ ಮೃದ್ವೀಕಾರಸದ ಮದ್ಯವನ್ನು ಹೇಳುವಾಗ ಕಾಪಿಶಾಯನ, ಹಾರಹೂರಕ ಎಂದು ಹುಟ್ಟಿದ ದೇಶದ ಹೆಸರಿನಿಂದ ಅದನ್ನು ವಿಂಗಡಿಸುವನು. ಇವುಗಳಲ್ಲಿ ಮೊದಲನೆಯ ಪದದ ಸಿದ್ಧಿಗಾಗಿ ಪಾಣಿನಿಯು ಒಂದು ಸೂತ್ರವನ್ನೇ ಮೀಸಲಿಟ್ಟಿರುವನು. ಆ ಕಾಪಿಶೀ ನಗರವು ಇಂದಿನ ಆಫ್ಘಾನಿಸ್ತಾನದ ಬೆಗ್ರಾಮ್ ಎಂಬಲ್ಲಿ ಇದ್ದಿತೆಂದು ಪ್ರಾಚೀನವಸ್ತುಶೋಧಕರು ನಿರ್ಣಯಿಸಿದ್ದಾರೆ. ಸ್ಪರ್ಶ, ಆಕಾರ, ರುಚಿ, ದೇಶ ಇವೆಲ್ಲವೂ ಹೆಸರಿಗೆ ನಿಮಿತ್ತವಾಗಿವೆ. ಅಮರನ ಐದರಲ್ಲಿ ಬಣ್ಣವನ್ನು ನಿಮಿತ್ತವಾಗಿ ಉಳ್ಳ ಹೆಸರು ಒಂದೂ ಇಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ದ್ರಾಕ್ಷೆಯ ಬಣ್ಣವೊಂದೇ ಹಣ್ಣಿನಿಂದ ಬೇರೆಯಾಗಿ ಸೀಸೆಯಲ್ಲಿ ತುಂಬಿ ಮಾರಾಟವಾಗುವ ಪದಾರ್ಥವಾಯಿತು. ಅದಕ್ಕೆ ಇಟಲಿಯಲ್ಲಿ ರೂಢಿಗೆ ಬಂದ ಹೆಸರು ಎನೊಚಿಯಾನಿನ. ಗ್ರೀಕ್ ಭಾಷೆಯ ಮದ್ಯವಾಚಕವಾದ ಓಯ್ನೊಸ್, ನೀಲವಾಚಕವಾದ ಕ್ಯಾನೊಸ್ ಎಂಬ ಪದಗಳು ಸೇರಿ ಇದು ಆಗಿದೆ, ಮದ್ಯನೀಲವೆಂದು ಶಬ್ದಾರ್ಥ. ಮದ್ಯದಲ್ಲಿ ಕೆಂಪಾಗಿ ಕಾಣುವ ವಸ್ತುವಿಗೆ ನೀಲವೆಂಬ ಹೆಸರು ಹೇಗೆ ಸಂದಿತು, ಅದನ್ನು ನೀರಿನಿಂದ ಹಣ್ಣಿನ ಸಿಪ್ಪೆಯೊಳಗಿನಿಂದ ಹೊರತೆಗೆಯುವ ಕ್ರಮವು ಯಾವ ಸಂದರ್ಭದಲ್ಲಿ ಹುಟ್ಟಿತು, ಅದನ್ನು ಈಗ ‘ಸಹಜವರ್ಣ’ವೆಂದು ಕನ್ನಡಿಸುವುದು ಎಷ್ಟು ಮಾತ್ರ ಯುಕ್ತ, ಎಂಬುದನ್ನು ವಿಚಾರಿಸುವುದಕ್ಕೆ ಈ ಲೇಖನ.

ಕಪ್ಪು ದ್ರಾಕ್ಷೆಯನ್ನು ಹಿಸುಕಿದರೆ ಒಳಗಿನ ರಸವು ಬಹುತೇಕ ಬಣ್ಣವಿಲ್ಲದುದಾಗಿ ಬರುವುದೆಂಬುದು ತಿಂದವರಿಗೆಲ್ಲ ವಿದಿತವೇ. ಫ್ರಾನ್ಸಿನ ಶಾಂಪೇನ್ ಸೀಮೆಯವರು ಕಪ್ಪು ಹಣ್ಣನ್ನು ಮೆಲ್ಲಗೆ ಹಿಂಡಿ ಸಿಪ್ಪೆಯನ್ನು ಕೂಡಲೇ ಬೇರ್ಪಡಿಸಿ ಬಿಳಿಯ ಮದ್ಯವನ್ನು ಮಾಡುವರು. ಆದುದರಿಂದ ಬಣ್ಣವು ರಸದ ಗುಣವಲ್ಲ, ಸಿಪ್ಪೆಯ ಗುಣ. ಸಿಪ್ಪೆಯ ಸೂಕ್ಷ್ಮ ಕೋಶಗಳಲ್ಲಿ ನೀರು ತುಂಬಿದ ಪುಟ್ಟ ಚೀಲಗಳಿರುವುವು. ಬಣ್ಣವು ಆ ನೀರಿನಲ್ಲಿ ಕರಗಿಕೊಂಡೇ ಇರುವುದು. ಹೀಗಿರಲು ನೀರಿಗೆ ಬಣ್ಣವನ್ನು ಕರಗಿಸುವ ಶಕ್ತಿ ಉಂಟೋ ಎಂಬ ಪ್ರಶ್ನೆಯೇ ಇಲ್ಲ. ಅದು ಮೊದಲೇ ಕರಗಿದೆ. ಒಳಗಿನ ನೀರಿಗೂ ಹೊರಗಿನ ನೀರಿಗೂ ನಡುವೆ ಇರುವ ಕೋಶದ ಪೊರೆಯನ್ನು ಹೇಗೆ ಮುರಿಯುವುದು ಎಂಬುದೊಂದೇ ಕಷ್ಟ. ಕಾಸಿದರೆ ಪೊರೆ ಸಡಿಲುವುದು, ಹುದುಗುವಾಗ ಹುಟ್ಟುವ ಮದ್ಯಸಾರದಿಂದಲೂ ಸಡಿಲುವುದು. ತಣ್ಣೀರಿನಲ್ಲಿ ಸುಮ್ಮನೆ ನೆನೆಯಿಟ್ಟರೆ ಬಣ್ಣ ಬಿಡುವುದು ನಿಧಾನ. ಅರಿವೆ ಬಣ್ಣ ಬಿಟ್ಟಿತೆಂದು ನಮ್ಮ ಮನೆಗಳಲ್ಲಿ ದೂರಾಗಿ ಆಡುವ ಮಾತನ್ನು ಈ ಕಸುಬಿನವರು ಸಿದ್ಧಿಯಾಗಿ ಆಡಬೇಕಾಗುವುದು.

ಹಿಂಡಿದ ದ್ರಾಕ್ಷೆಯ ಹಿಪ್ಪೆಗೆ ನೀರು ಹಾಕುವ ಪದ್ಧತಿ ಬಹು ಪುರಾತನವಾದುದು. ಕ್ರಿಸ್ತಪೂರ್ವ ೧೪೯ರಲ್ಲಿ ತೀರಿಕೊಂಡ ರೋಮಿನ ಕೇಟೋ ಎಂಬವನು ಬೇಸಾಯವನ್ನು ಕುರಿತ ತನ್ನ ಗ್ರಂಥದಲ್ಲಿ, ಹಣ್ಣಿನ ಕೊಯ್ಲು ಮುಗಿದ ಮೇಲೆ ಮೂರು ತಿಂಗಳ ಕಾಲ ಜೀತದಾಳುಗಳಿಗೆ ಕುಡಿಯಲು ಲೋರಾ ಎಂಬ ಪಾನವನ್ನು ಕೊಡಬೇಕೆಂದು ವಿಧಿಸಿರುವನು. ಲೋರಾ ಎಂದರೆ ಹಿಪ್ಪೆಯನ್ನು ನೀರಿನಲ್ಲಿ ನೆನೆಸಿ ಪುನಃ ಹಿಂಡಿದ ತೆಳುಮದ್ಯ. ಕ್ರಿಸ್ತಶಕ ಒಂದನೆಯ ಶತಮಾನದ ಪ್ಲಿನಿಯು ಇದರ ಮೂರು ಬಗೆಗಳನ್ನು ವಿವರಿಸುವನು. ಮೊದಲು ಬಂದ ರಸದ ಹತ್ತನೆಯ ಒಂದು ಪಾಲಿನಷ್ಟು ನೀರನ್ನು ಹಿಪ್ಪೆಗೆ ಬೆರಸಿ, ಒಂದು ಹಗಲು ಒಂದು ರಾತ್ರಿ ನೆನೆಯಗೊಟ್ಟು, ತಿರುಗಿ ಗಾಣಕ್ಕೆ ಕೊಡುವುದು ಅವುಗಳಲ್ಲಿ ಒಂದು. ಇದನ್ನು ಅವನು ಕೂಲಿಗಳ ಮದ್ಯಗಳ ಸಾಲಿಗೆ ಸೇರಿಸಿ, ಗ್ರೀಕರು ಇದನ್ನು ‘ಎರಡನೆಯದು’ ಎಂಬರ್ಥದ ಹೆಸರಿನಿಂದ ಕರೆಯುವರೆಂದೂ ತಿಳಿಸುವನು. ಒಡೆಯನಿಗೆ ಮೊದಲ ಹಿಂಡು, ಆಳಿಗೆ ಎರಡನೆಯ ಹಿಂಡು. ಎರಡಕ್ಕೂ ಹೆಸರು ಬೇರೆ. ಈ ಹೆಸರಿನ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು. ಸುಮಾರು ಎರಡು ಸಾವಿರ ವರ್ಷಗಳ ತರುವಾಯ ಇದೇ ಭೇದವು ಶಾಸನಕ್ಕೆ ಏರಲಿದೆ.

ನಮ್ಮ ವೈದ್ಯಶಾಸ್ತ್ರವನ್ನು ಬಲ್ಲವರಿಗೆ ಪ್ಲಿನಿಯ ವಿಧಾನವು ಹೊಸದಾಗಿ ತೋರದು. ಶಾರ್ಙ್ಗಧರನು ಹೇಳುವ ಹಿಮಕಲ್ಪನೆಯಲ್ಲಿ ಒಂದು ಪಲ ದ್ರವ್ಯವನ್ನು ಜಜ್ಜಿ ಆರು ಪಲ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಡುವುದು. ಫಾಂಟದಲ್ಲಿ ನಾಲ್ಕು ಪಲ ಬಿಸಿನೀರನ್ನು ಸುರಿದು ಸೋಸುವುದು. ಕ್ವಾಥದಲ್ಲಿ ಹದಿನಾರು ಪಟ್ಟು ನೀರನ್ನು ಹಾಕಿ ಎಂಟನೆಯ ಒಂದು ಪಾಲಿಗೆ ಇಳಿಸುವುದು. ಲೋರಾ ಎಂಬುದು ಹಿಮದ ಜಾತಿಗೆ ಸೇರಿದುದು. ಹಿಮ, ಫಾಂಟ, ಕ್ವಾಥ ಎಂಬ ಈ ವಿಭಾಗವು ಇಂದಿನ ಬಣ್ಣದ ಕಾರ್ಖಾನೆಗಳಿಗೂ ಹೊಂದುವುದನ್ನು ನೋಡಿದರೆ ಸಂತೋಷವಾಗುತ್ತದೆ. ಆದರೆ ನಮ್ಮ ವೈದ್ಯರು ಬಯಸಿದ್ದು ದ್ರವ್ಯದ ವೀರ್ಯವನ್ನು, ರೋಮನರು ಬಯಸಿದ್ದು ಕುಡಿಯುವ ಪಾನವನ್ನು. ಬಣ್ಣವು ಇಬ್ಬರಿಗೂ ಆನುಷಂಗಿಕವಾಗಿ ಬಂದುದು. ಸಾಮ್ಯವಿದ್ದ ಕಡೆಯಲ್ಲೆಲ್ಲ ‘ಇದು ನಮ್ಮಲ್ಲಿ ಮೊದಲೇ ಇತ್ತು’ ಎಂದು ಹೇಳುವ ಚಪಲಕ್ಕೆ ನಾವು ಒಳಗಾಗಬಾರದು.

ಬಣ್ಣವನ್ನು ಬಣ್ಣವೆಂದೇ ಪರೀಕ್ಷಿಸತೊಡಗಿದುದು ಹದಿನೇಳನೆಯ ಶತಮಾನದಲ್ಲಿ. ಇಂಗ್ಲೆಂಡಿನಲ್ಲಿ ನೆಲಸಿದ್ದ ರಾಬರ್ಟ್ ಬಾಯ್ಲ್ ಎಂಬ ವಿದ್ವಾಂಸನು ೧೬೬೪ರಲ್ಲಿ ಪ್ರಕಟಿಸಿದ ವರ್ಣವಿಷಯಕ ಗ್ರಂಥದಲ್ಲಿ, ವಯೊಲೆಟ್ ಹೂವಿನ ನೀಲಿಯ ಪಾಕಕ್ಕೆ ಹುಳಿಯನ್ನು ಹಾಕಿದರೆ ಕೆಂಪಾಗುವುದೆಂದೂ, ಕ್ಷಾರವನ್ನು ಹಾಕಿದರೆ ಹಸುರಾಗುವುದೆಂದೂ ತೋರಿಸಿಕೊಟ್ಟನು. ಅರಿಸಿನಕ್ಕೆ ಸುಣ್ಣ ಬೆರಸಿ ಓಕುಳಿ ಕದಡುವ ನಮ್ಮ ಜನಕ್ಕೆ ಕ್ಷಾರದಿಂದ ಬಣ್ಣ ತಿರುಗುವುದು ಆಶ್ಚರ್ಯವಲ್ಲ. ಆದರೆ ಅರಿಸಿನಕ್ಕೆ ತಿರುಗುವುದು ಒಂದೇ ದಿಕ್ಕು. ವಯೊಲೆಟ್ ಹೂವಿಗೆ ಎರಡು. ದ್ರಾಕ್ಷೆಯ ಸಿಪ್ಪೆಗೂ ಎರಡೇ. ಕಪ್ಪು ದ್ರಾಕ್ಷೆಯ ಸಿಪ್ಪೆಯನ್ನು ಬಿಸಿನೀರಿನಲ್ಲಿ ಕಿವುಚಿ, ಆ ನೀರನ್ನು ಮೂರು ಲೋಟಗಳಿಗೆ ಹೊಯ್ದು, ಒಂದಕ್ಕೆ ನಿಂಬೆಯ ರಸವನ್ನೂ ಇನ್ನೊಂದಕ್ಕೆ ಸುಣ್ಣದ ತಿಳಿಯನ್ನೂ ಹಾಕಿ, ಮೂರನೆಯದನ್ನು ಹಾಗೆಯೇ ಬಿಟ್ಟು ನೋಡಿದರೆ ಯಾರಿಗೂ ಇದು ಮನದಟ್ಟಾಗುವುದು. ಮೊದಲನೆಯದು ಚೆಲುವಾದ ಕೆಂಪು. ಎರಡನೆಯದು ನೀಲಿಯನ್ನು ಹಾದು ಹಸುರಿನ ಕಡೆಗೆ. ಮೂರನೆಯದು ಮಂಕಾಗಿ ನಿಲ್ಲುವುದು. ಅಲ್ಪ ಹುಳಿಯುಳ್ಳ ನೀರಿನಲ್ಲಿ ಈ ವಸ್ತುವಿನ ಬಹುಭಾಗವು ಬಣ್ಣವಿಲ್ಲದ ಇನ್ನೊಂದು ರೂಪವನ್ನು ತಾಳುವುದೇ ಇದಕ್ಕೆ ಕಾರಣ. ನೀರು ಬಣ್ಣವನ್ನು ಹೊತ್ತು ತರುವುದು, ಆದರೆ ಅದನ್ನು ತೋರಿಸುವ ಕೆಲಸ ಹುಳಿಯದು.

೧೮೩೫ರಲ್ಲಿ ಜರ್ಮನಿಯ ಮಾರ್ಕ್ವಾರ್ಟ್ ಎಂಬವನು ಹೂಗಳ ನೀಲವರ್ಣಕ್ಕೆ ಆಂಥೊಸಯನ್ ಎಂದು ಹೆಸರಿಟ್ಟನು. ಆಂಥೊಸ್ ಎಂದರೆ ಹೂವು. ದ್ರಾಕ್ಷೆಯ ಬಣ್ಣವು ಅದೇ ಕುಲಕ್ಕೆ ಸೇರಿದುದಾದ್ದರಿಂದ ನೀಲವಾಚಕವೂ ಅದಕ್ಕೆ ಅಂಟಿಕೊಂಡಿತು. ತೋಟದಲ್ಲಿ ಹಣ್ಣಿನ ಮೇಲೆ ಕಾಣುವ ನೀಲಿಯ ಛಾಯೆಯನ್ನು ನೋಡಿದರೆ ಹೆಸರು ಸರಿಯಾಗಿದೆ, ಬಟ್ಟಲಿನಲ್ಲಿ ನೋಡಿದರೆ ತಪ್ಪಾಗಿದೆ. ರೂಢಿಯು ಯೋಗವನ್ನು ಮೀರುವುದಕ್ಕೆ ಇದೊಂದು ಉದಾಹರಣೆ.

ಇನ್ನು ಮುಖ್ಯವಾದ ಘಟ್ಟಕ್ಕೆ ಬರೋಣ. ಹೂವಿನ ಬಣ್ಣವನ್ನು ಕುರಿತ ವಿದ್ವಾಂಸರ ಕುತೂಹಲದಿಂದ ದ್ರಾಕ್ಷಾರಾಗದ ವ್ಯಾಪಾರ ಹುಟ್ಟಲಿಲ್ಲ. ಮದ್ಯದ ಪೇಟೆಯ ಕಷ್ಟಕಾಲವೂ ಅದರಿಂದಾದ ಮೋಸವೂ ಅದಕ್ಕೆ ಹಿನ್ನೆಲೆಯಾದುವು. ದಕ್ಷಿಣ ಫ್ರಾನ್ಸಿನಲ್ಲಿ ಬಹುಪ್ರಮಾಣದಲ್ಲಿ ಬೆಳೆಯುತ್ತಿದ್ದ ಆರಮೋನ್ ಎಂಬ ತಳಿಯು ಫಲದಲ್ಲಿ ಸಮೃದ್ಧ, ಬಣ್ಣದಲ್ಲಿ ದರಿದ್ರ. ಲೂಯಿ ಬೂಶೆ ಎಂಬ ಕೃಷಿಕನು ೧೮೨೪ರಲ್ಲಿಯೇ ಅದನ್ನು ತಿರುಳಿನಲ್ಲಿಯೂ ಕೆಂಪುಳ್ಳ ಒಂದು ಅಪರೂಪದ ತಳಿಯೊಡನೆ ಕೂಡಿಸಿ ಹೊಸ ಬಳ್ಳಿಯನ್ನು ಪಡೆದನು. ಅವನ ಮಗ ಹೆನ್ರಿಯು ಆ ಕೆಲಸವನ್ನು ಮುಂದುವರಿಸಿದನು. ಇದು ಸನ್ಮಾರ್ಗ. ದುರ್ಮಾರ್ಗವನ್ನು ಹಿಡಿದವರು ಎಲ್ಡರ್ ಎಂಬ ಗಿಡದ ಕಪ್ಪುಹಣ್ಣನ್ನೂ ಹಾಲಿಹಾಕ್ ಎಂಬ ಹೂವಿನ ದಳವನ್ನೂ ಕೃಮಿಜನ್ಯವಾದ ಕಾಚಿನೀಲ್ ಎಂಬ ಕೆಂಪನ್ನೂ ಬೆರಸುತ್ತಿದ್ದರು. ೧೮೫೬ರಲ್ಲಿ ಪರ್ಕಿನ್ ಕಲ್ಲಿದ್ದಲಿನ ಡಾಮರಿನಿಂದ ಬಣ್ಣ ಮಾಡುವ ದಾರಿಯನ್ನು ತೆರೆದನು. ೧೮೫೯ರಲ್ಲಿ ಫ್ರಾನ್ಸಿನಲ್ಲಿ ಫುಕ್ಸೀನ್ ಎಂಬ ಕಡುಗೆಂಪು ಬಂದಿತು. ಬಟ್ಟೆಗೆಂದು ಹುಟ್ಟಿದ ಈ ಬಣ್ಣವು ಬೇಗನೆ ಮದ್ಯದ ಪೀಪಾಯಿಗಳನ್ನು ಸೇರಿತು. ಅದನ್ನು ತಯಾರಿಸುವುದರಲ್ಲಿ ಆರ್ಸೆನಿಕ್ ಎಂಬ ಪಾಷಾಣದ ಆಮ್ಲವನ್ನು ಬಳಸುತ್ತಿದ್ದರು; ಅದರ ಶೇಷವು ಬಣ್ಣದಲ್ಲಿಯೂ ಉಳಿಯುತ್ತಿದ್ದಿತು.

ಇದರ ಮೇಲೆ ಇನ್ನೊಂದು ವಿಪತ್ತು. ೧೮೬೩ರ ಸುಮಾರಿಗೆ ಫಿಲಾಕ್ಸೆರ ಎಂಬ ಬೇರುಹೇನು ಅಮೆರಿಕದಿಂದ ಬಂದು ಫ್ರಾನ್ಸಿನ ಬಳ್ಳಿಗಳನ್ನು ಹಿಡಿಯಿತು. ೧೮೭೫ರಲ್ಲಿ ಸುಮಾರು ೮೪೫ ಕೋಟಿ ಲೀಟರಿನಷ್ಟಿದ್ದ ಆ ದೇಶದ ಮದ್ಯದ ಉತ್ಪತ್ತಿಯು ೧೮೮೯ರ ವೇಳೆಗೆ ಸುಮಾರು ೨೩೪ ಕೋಟಿಗೆ ಇಳಿಯಿತು. ಕುಡಿಯುವವರು ಮಾತ್ರ ಕಡಿಮೆಯಾಗಲಿಲ್ಲ. ಒಣದ್ರಾಕ್ಷೆಯನ್ನು ನೆನೆಸಿ ಹುದುಗಿಸಿದರು. ಹಿಪ್ಪೆಗೆ ನೀರನ್ನೂ ಸಕ್ಕರೆಯನ್ನೂ ಹಾಕಿ ಎರಡನೆಯ ಸಾರಿ ಮದ್ಯವನ್ನು ತೆಗೆದರು. ಕೇಟೋವಿನ ಲೋರಾ ಸಕ್ಕರೆಯ ಸಹಾಯದಿಂದ ಪುನರ್ಜನ್ಮವನ್ನು ಪಡೆಯಿತು. ಹಾಗೆ ಬಂದ ತೆಳುಪಾನಗಳಿಗೆ ಬಣ್ಣ ಸಾಲದೆ, ಬಣ್ಣದ ವ್ಯಾಪಾರ ಬೆಳೆಯಿತು.

ಫುಕ್ಸೀನನ್ನು ಹಿಡಿಯುವ ಉಪಾಯವು ಬಾಯ್ಲನ ಪರೀಕ್ಷೆಯ ಮಾರ್ಗದಲ್ಲಿಯೇ ದೊರೆಯಿತು. ನಿಜವಾದ ಮದ್ಯಕ್ಕೆ ಅಮೋನಿಯದಂಥ ಕ್ಷಾರವನ್ನು ಹಾಕಿದರೆ ಹಸುರಾಗುವುದು, ಫುಕ್ಸೀನ್ ಆದರೆ ಬಣ್ಣವನ್ನೇ ಕಳೆದುಕೊಳ್ಳುವುದು. ಆದರೆ ಎಲ್ಡರ್ ಹಣ್ಣಿನ ರಾಗವೂ ಹಾಲಿಹಾಕ್ ಹೂವಿನ ರಾಗವೂ ದ್ರಾಕ್ಷಾರಾಗದ ದಾಯಾದಿಗಳಾದುದರಿಂದ ಅವೂ ಹಸುರಾಗುವುವು. ಇಷ್ಟರಿಂದ ಪರೀಕ್ಷಕನಿಗೆ ಪರಕೀಯನು ಸಿಕ್ಕುವನು, ಜ್ಞಾತಿಯು ತಪ್ಪಿಸಿಕೊಳ್ಳುವನು. ಹಾಗಾದರೆ ದ್ರಾಕ್ಷೆಯದೇ ಬಣ್ಣವನ್ನು ಬೇರೆಯಾಗಿ ತೆಗೆದು ಬೆರಸಿದರೆ? ಅದನ್ನು ಹಿಡಿಯುವುದು ಈ ಉಪಾಯಕ್ಕೆ ಸರ್ವಥಾ ಸಾಧ್ಯವಿಲ್ಲ. ಇಟಲಿಯಲ್ಲಿ ೧೮೭೯ರಿಂದ ಎನೊಚಿಯಾನಿನವು ವ್ಯಾಪಾರಕ್ಕಾಗಿ ತಯಾರಾಗತೊಡಗಿದುದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕೆಂದು ನನ್ನ ಅಭಿಪ್ರಾಯ. ವಿಷಯುಕ್ತವಾದ ಡಾಮರಿನ ಬಣ್ಣಕ್ಕೆ ಪ್ರತಿಯಾಗಿ ನಿರಪಾಯವಾದ ಬಣ್ಣವೆಂಬುದು ಅದರ ಒಂದು ಮುಖ. ಇನ್ನೊಂದು ಮುಖವನ್ನು ಮರೆಯಬಾರದು: ಅತ್ಯಂತ ನಿರಪಾಯವಾದ ಬಣ್ಣವೇ ಅತ್ಯಂತ ಗುಪ್ತವಾದ ಕಲಬೆರಕೆಗೂ ಸಾಧನವಾಗಬಲ್ಲುದು.

ತಯಾರಿಸುವ ಕ್ರಮವು ಹೀಗೆ. ರಸವನ್ನು ಹಿಂಡಿಯಾದ ಮೇಲೆ ಉಳಿದ ಹಸಿ ಹಿಪ್ಪೆಯಿಂದ ಬೀಜವನ್ನು ಬೇರ್ಪಡಿಸಿ, ಅದನ್ನು ನೀರಿನಲ್ಲಿ ನೆನೆಯಿಡುವರು. ಆ ನೀರಿಗೆ ಗಂಧಕವನ್ನು ಸುಟ್ಟಾಗ ಬರುವ ಅನಿಲವನ್ನು ಸೇರಿಸುವರು. ಈ ಅನಿಲವು ಕೋಶದ ಪೊರೆಯನ್ನು ಸಡಿಲಿಸುವುದು, ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುವುದು, ಗಾಳಿಯಿಂದಾಗುವ ಕೇಡನ್ನು ನಿವಾರಿಸುವುದು. ಬರಿಯ ನೀರಿಗಿಂತ ಈ ನೀರು ಬಹಳ ಹೆಚ್ಚು ಬಣ್ಣವನ್ನು ಎಳೆಯುವುದು. ನೆನೆಯುತ್ತಿರುವಾಗ ಹಿಪ್ಪೆಯಲ್ಲಿದ್ದ ಸಕ್ಕರೆಯ ಬಹುಭಾಗ ಹುದುಗಿ ಮದ್ಯಸಾರವಾಗುವುದು. ಆಮೇಲೆ ಒತ್ತಡವನ್ನು ತಗ್ಗಿಸಿದ ಪಾತ್ರೆಯಲ್ಲಿ ಮೆಲ್ಲನೆ ಕಾಸಿ ಮದ್ಯಸಾರವನ್ನೂ ಹೆಚ್ಚಿನ ನೀರನ್ನೂ ಕಳೆಯುವರು. ಉಳಿಯುವುದು ನೇರಿಳೆ ಛಾಯೆಯ ಕೆಂಪು ದ್ರವ. ಒಣಗಿಸಿದರೆ ಪುಡಿ. ಅದರಲ್ಲಿ ರಾಗದ್ರವ್ಯವಲ್ಲದೆ ದ್ರಾಕ್ಷೆಯ ಆಮ್ಲಗಳೂ ಲವಣಗಳೂ ಕೊಂಚ ಸಕ್ಕರೆಯೂ ಇದ್ದೇ ಇರುವುವು.

ಈ ಕ್ರಮದಲ್ಲಿ ಒಂದು ವಿಚಿತ್ರವಿದೆ. ಬಣ್ಣವನ್ನು ಹೊರತೆಗೆಯುವುದಕ್ಕೆ ಹಾಕಿದ ಗಂಧಕದ ಅನಿಲವೇ ಬಣ್ಣವನ್ನು ಮರೆಯಾಗಿಸುವುದು. ಉರಿಯುವ ಗಂಧಕದ ಮೇಲೆ ಹಿಡಿದ ಕೆಂಪು ಗುಲಾಬಿಯು ಬೆಳ್ಳಗಾಗುವುದನ್ನು ಶಾಲೆಗಳಲ್ಲಿ ತೋರಿಸುವುದುಂಟು. ಹಾಗೆಯೇ ನೆನೆಯುವ ತೊಟ್ಟಿಯಲ್ಲಿ ಬಣ್ಣವು ಬೇಕಾದಷ್ಟು ಇಳಿದಿದ್ದರೂ ಕಣ್ಣಿಗೆ ಅಷ್ಟಾಗಿ ಕಾಣದು. ಕಾಸಿ ಅನಿಲವನ್ನು ಹೊರಗೆಡಹಿದ ಕೂಡಲೇ ಕೆಂಪು ಮರಳಿ ಬರುವುದು. ವ್ಯಾಕರಣದಲ್ಲಿ ಲೋಪವೆಂದರೆ ನಾಶವಲ್ಲ, ಕಾಣದಿರುವಿಕೆ ಮಾತ್ರ ಎಂದು ನಾವು ಮಕ್ಕಳಿಗೆ ಹೇಳಿಕೊಡುವುದಿಲ್ಲವೇ. ಇದು ಅಂಥ ಲೋಪ. ಗಂಧಕದ ಅಣುವು ರಾಗದ್ರವ್ಯದ ಯಾವ ಸ್ಥಾನವನ್ನು ಹಿಡಿದು ಅದನ್ನು ವರ್ಣಹೀನವಾಗಿ ಮಾಡುವುದೆಂಬ ವಿಚಾರವು ರಸಾಯನಜ್ಞರಿಗೆ ವಿಶದವಾದುದು ೧೯೬೦ರ ದಶಕದಿಂದ ಈಚೆಗೆ. ಕೆಲಸಗಾರನ ತೊಟ್ಟಿಯು ಅದಕ್ಕಿಂತ ಸುಮಾರು ಎಂಬತ್ತು ವರ್ಷ ಹಿರಿಯದು.

ಈ ವಸ್ತುವಿನ ಸ್ವರೂಪಜ್ಞಾನವೂ ಹೀಗೆಯೇ ಪ್ರಯೋಗದ ಹಿಂದೆ ನಡೆದು ಬಂದಿತು. ರಿಚರ್ಡ್ ವಿಲ್‌ಸ್ಟೇಟರ್ ಎಂಬ ಜರ್ಮನ್ ರಸಾಯನಜ್ಞನು ಬರ್ಲಿನಿನ ಹತ್ತಿರದ ಡಾಲೆಮ್ ಎಂಬಲ್ಲಿ ಹೂವಿನ ಬಣ್ಣಗಳನ್ನು ಒಂದೊಂದಾಗಿ ಶುದ್ಧಪಡಿಸುತ್ತ ೧೯೧೩ರಲ್ಲಿ ಕಾರ್ನ್‌ಫ್ಲವರ್ ಎಂಬ ನೀಲಿಯ ಹೂವಿನ ರಾಗವನ್ನೂ, ೧೯೧೫ರಲ್ಲಿ ಜೋಲಿಂಗರನೊಡನೆ ಕಪ್ಪು ದ್ರಾಕ್ಷೆಯ ರಾಗವನ್ನೂ ಪ್ರಕಟಿಸಿದನು. ದ್ರಾಕ್ಷೆಯದಕ್ಕೆ ಈನಿನ್ ಎಂದು ಹೆಸರು. ಅದರಲ್ಲಿ ಬಣ್ಣದ ಬೀಜಭಾಗಕ್ಕೆ ಗ್ಲೂಕೋಸ್ ಎಂಬ ಸಕ್ಕರೆಯ ಒಂದು ಅಣು ಕೂಡಿಕೊಂಡಿರುವುದು. ನೀರಿನಲ್ಲಿ ಸುಲಭವಾಗಿ ಕರಗುವ ಗುಣಕ್ಕೆ ಈ ಸಕ್ಕರೆಯ ಸಹವಾಸವೂ ಕಾರಣ. ಆ ವರ್ಷವೇ ಸಸ್ಯಗಳ ಬಣ್ಣಗಳನ್ನು ಕುರಿತ ಶೋಧನೆಗಾಗಿ, ವಿಶೇಷವಾಗಿ ಎಲೆಯ ಹಸುರಿಗಾಗಿ, ಅವನಿಗೆ ನೊಬೆಲ್ ಬಹುಮಾನವಾಯಿತು. ಯಹೂದ್ಯನಾದ ಅವನು ೧೯೨೪ರಲ್ಲಿ ಮ್ಯೂನಿಕ್ ವಿಶ್ವವಿದ್ಯಾನಿಲಯದ ಜನಾಂಗದ್ವೇಷವನ್ನು ಪ್ರತಿಭಟಿಸಿ ತನ್ನ ಪೀಠವನ್ನು ಬಿಟ್ಟುಕೊಟ್ಟನು. ೧೯೩೯ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ೧೯೪೨ರಲ್ಲಿ ಅಲ್ಲಿಯೇ ತೀರಿಕೊಂಡನು.

ಇಂಗ್ಲೆಂಡಿನ ರಾಬರ್ಟ್ ರಾಬಿನ್‌ಸನ್ ಎಂಬವನು ೧೯೨೮ರಿಂದ ಮುಂದಕ್ಕೆ ಇದೇ ಕುಲದ ರಾಗಗಳನ್ನು ಹೂವಿನ ಹಂಗಿಲ್ಲದೆ ಪ್ರಯೋಗಶಾಲೆಯಲ್ಲಿಯೇ ಕಟ್ಟಿ ತೋರಿಸಿದನು. ೧೯೪೪ರಲ್ಲಿ ಒಂದು ತುಂಡು ಕಾಗದದ ಮೇಲೆ ದ್ರಾವಣವನ್ನು ಹರಿಯಬಿಟ್ಟು ಅದರ ಘಟಕಗಳನ್ನು ಬಿಡಿಸುವ ಉಪಾಯವು ಪ್ರಕಟವಾಯಿತು. ೧೯೪೮ರಲ್ಲಿ ಬೇಟ್‌ಸ್ಮಿತ್ ಅದನ್ನು ಸಸ್ಯರಾಗಗಳಿಗೆ ಅನ್ವಯಿಸಿದನು. ಹೀಗೆ ಬಿಡಿಸಿ ನೋಡಲಾಗಿ ದ್ರಾಕ್ಷಾರಾಗವು ಒಂದಲ್ಲ, ಹಲವು ಎಂದು ತಿಳಿಯಿತು. ಯೂರೋಪಿನ ದ್ರಾಕ್ಷೆಯಲ್ಲಿ ಐದು ಮುಖ್ಯ ಬೀಜರಾಗಗಳು; ಅವುಗಳಲ್ಲಿ ಸಾಧಾರಣವಾಗಿ ಪ್ರಧಾನವಾದುದು ಮಾಲ್ವಿಡಿನ್. ಇವು ಒಂದೊಂದು ಗ್ಲೂಕೋಸಿನೊಡನೆ ಕೂಡಿರುವುವು. ಅಮೆರಿಕದ ಹಲವು ಕಾಡುದ್ರಾಕ್ಷೆಗಳಲ್ಲಿ ಎರಡೆರಡು ಗ್ಲೂಕೋಸಿನೊಡನೆ ಕೂಡಿದವುಗಳೂ ಇರುವುವು. ಈ ಭೇದವನ್ನು ಹಿಡಿದು ಫ್ರಾನ್ಸಿನ ರಿಬೆರೋ ಗಾಯೋನ್ ಎಂಬ ವಿದ್ವಾಂಸನು ೧೯೫೦ರ ದಶಕದಲ್ಲಿ ಸಂಕರ ತಳಿಗಳ ಮದ್ಯವನ್ನು ಗುರುತಿಸುವ ಪರೀಕ್ಷೆಯನ್ನು ಬೆಳೆಸಿದನು. ಅಮೋನಿಯದ ಪರೀಕ್ಷೆಗೆ ಸಿಕ್ಕದ ಜ್ಞಾತಿಗಳಲ್ಲಿ ಕೆಲವರಾದರೂ ಆಗ ಸಿಕ್ಕಿಬಿದ್ದರು.

ಇನ್ನು ಶಾಸನದ ಮಾತು. ಫ್ರಾನ್ಸಿನಲ್ಲಿ ೧೮೮೯ನೆಯ ಆಗಸ್ಟ್ ತಿಂಗಳು ೧೪ನೆಯ ದಿನ ಗ್ರಿಫ್ ಶಾಸನವೆಂದು ಪ್ರಸಿದ್ಧವಾದ ಕಾನೂನು ಹೊರಟಿತು. ತಾಜಾ ದ್ರಾಕ್ಷೆಯು ಹುದುಗಿ ಆದುದಕ್ಕಲ್ಲದೆ ಬೇರೆ ಯಾವುದಕ್ಕೂ ‘ವೈನ್’ ಎಂಬ ಹೆಸರು ಸಲ್ಲದೆಂದು ಅದು ವಿಧಿಸಿತು. ಹಿಪ್ಪೆಗೆ ನೀರು ಸಕ್ಕರೆ ಹಾಕಿ ಮಾಡಿದುದನ್ನು ‘ಸಕ್ಕರೆಯ ವೈನ್’ ಎಂದೂ, ಒಣದ್ರಾಕ್ಷೆಯದನ್ನು ‘ಒಣದ್ರಾಕ್ಷೆಯ ವೈನ್’ ಎಂದೂ ಹೇಳಿಯೇ ಮಾರಬೇಕೆಂದಿತು. ಈ ಶಾಸನವು ಹಿಪ್ಪೆಗೆ ನೀರು ಹಾಕುವುದನ್ನು ನಿಷೇಧಿಸಲಿಲ್ಲವೆಂಬುದು ಗಮನಾರ್ಹ. ಹಾಕಿದುದನ್ನು ಹೆಸರಿನಲ್ಲಿ ಒಪ್ಪಿಕೊಳ್ಳಬೇಕೆಂದಿತು, ಅಷ್ಟೆ. ಕೇಟೋವಿನ ಮನೆಯಲ್ಲಿ ಲೋರಾ ಎಂಬ ಬೇರೆ ಹೆಸರು ಕುಡಿಯುವವನ ಅಂತಸ್ತನ್ನು ಹೇಳುತ್ತಿದ್ದಿತು. ಗ್ರಿಫ್ ಶಾಸನದಲ್ಲಿ ಬೇರೆ ಹೆಸರು ಕೊಳ್ಳುವವನ ಹಕ್ಕನ್ನು ಕಾಯುವುದು.

ಈಗಿನ ನಿಬಂಧನೆಗಳೂ ಇದೇ ಜಾಡಿನಲ್ಲಿವೆ. ಯೂರೋಪಿನ ಆಹಾರಪದಾರ್ಥಗಳ ಪಟ್ಟಿಯಲ್ಲಿ ಈ ಕುಲದ ರಾಗಗಳಿಗೆ ಇ ೧೬೩ ಎಂಬ ಸಂಖ್ಯೆ. ಆದರೆ ಅಲ್ಲಿ ಸಾಮಾನ್ಯ ದ್ರಾಕ್ಷಾಮದ್ಯಕ್ಕೆ ಇದನ್ನು ಬೆರಸುವಂತಿಲ್ಲ. ಅಮೆರಿಕದ ಸಂಯುಕ್ತಸಂಸ್ಥಾನವು ಹಿಪ್ಪೆಯಿಂದ ನೀರಿನ ಮೂಲಕ ತೆಗೆದುದನ್ನು ೧೯೬೬ರಲ್ಲಿ ಪಾನೀಯಗಳಿಗೆ ಅಂಗೀಕರಿಸಿತು; ಕಾಂಕರ್ಡ್ ಎಂಬ ದ್ರಾಕ್ಷೆಯ ರಾಗದ ಜಲದ್ರಾವಣವನ್ನು ೧೯೮೧ರಲ್ಲಿ ಪಾನೀಯವಲ್ಲದ ಆಹಾರಗಳಿಗೆ ಅಂಗೀಕರಿಸಿತು. ಒಂದೇ ಜಾತಿಯ ಹಣ್ಣು, ಒಂದೇ ನೀರು. ಒಂದು ಕುಡಿಯುವುದಕ್ಕೆ, ಮತ್ತೊಂದು ತಿನ್ನುವುದಕ್ಕೆ! ಮೀಮಾಂಸಕರಿಗೆ ಒಳ್ಳೆಯ ಅಧಿಕರಣವಾಗಬಹುದು. ಆ ಕಾನೂನಿನಲ್ಲಿ ಆಹಾರದ ಬಣ್ಣಗಳು ಪ್ರತಿ ಸಲದ ತಯಾರಿಕೆಗೂ ಸರ್ಕಾರದ ಪ್ರಮಾಣಪತ್ರ ಬೇಕಾದವು, ಬೇಡವಾದವು ಎಂದು ಎರಡೇ ವರ್ಗ. ದ್ರಾಕ್ಷೆಯವು ಎರಡನೆಯ ವರ್ಗದವು. ‘ಸಹಜ’ವೆಂಬ ವರ್ಗವನ್ನು ಅದು ಮಾಡಿಲ್ಲ.

ನಾವು ಮಾತ್ರ ಇಂಗ್ಲಿಷಿನ ವಿಶೇಷಣವನ್ನು ಹಿಡಿದುಕೊಂಡು ಇಂಥವನ್ನೆಲ್ಲ ‘ಸಹಜವರ್ಣ’, ‘ನೈಸರ್ಗಿಕ ಬಣ್ಣ’ ಎಂದು ಬರೆಯುತ್ತಿದ್ದೇವೆ. ಸಹಜವೆಂದರೆ ಒಡನೆ ಹುಟ್ಟಿದುದು. ದ್ರಾಕ್ಷೆಯೊಡನೆ ಹುಟ್ಟಿದ ಬಣ್ಣವು ದ್ರಾಕ್ಷೆಯಲ್ಲಿರುವಾಗ ಅದಕ್ಕೆ ಸಹಜ. ನೀರಿನಲ್ಲಿ ನೆನೆದು, ಗಂಧಕದಿಂದ ಕಳೆಗುಂದಿ, ಕಾಸಿ ಮತ್ತೆ ಕೆಂಪಾಗಿ, ಇನ್ನೊಂದು ಹಣ್ಣಿನ ಪಾನಕವನ್ನು ಸೇರಿದ ಮೇಲೆ ಆ ಪಾನಕಕ್ಕೆ ಅದು ಸಹಜವಲ್ಲ, ಆಗಂತುಕ. ವಸ್ತುವಿನ ಮೂಲವನ್ನು ಹೇಳಬೇಕಾದರೆ ‘ಸಸ್ಯಮೂಲ’ವೆಂಬ ಪದವಿದೆ; ಅದು ಸುಳ್ಳಾಡುವುದಿಲ್ಲ. ನಮ್ಮ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಸೀಮೆಗಳಲ್ಲಿ ಬೆಳೆಯುವ ‘ಬೆಂಗಳೂರು ನೀಲಿ’ ಎಂಬ ದ್ರಾಕ್ಷೆಯು, ಬಣ್ಣದಿಂದ ಹೆಸರನ್ನು ಪಡೆದು ಅಮರನ ಪಟ್ಟಿಗೆ ಆರನೆಯದನ್ನು ಕೂಡಿಸಿದೆ. ಅಮೆರಿಕದ ರಕ್ತವುಳ್ಳ ಇಸಬೆಲ್ಲ ತಳಿಯ ಬಳಗದ ಈ ಹಣ್ಣಿನ ದಪ್ಪ ಸಿಪ್ಪೆಯು ಹಿಸುಕಿದೊಡನೆ ತಿರುಳಿನಿಂದ ಕಳಚಿಕೊಳ್ಳುವುದು. ಇದನ್ನು ರಸ ತೆಗೆಯುವುದಕ್ಕೆ ಬಳಸುವುದುಂಟು, ರಸ ತೆಗೆದಲ್ಲೆಲ್ಲ ಹಿಪ್ಪೆಯೂ ಉಳಿಯುವುದುಂಟು. ಅದರ ಬಣ್ಣಕ್ಕೆ ಕನ್ನಡದಲ್ಲಿ ಹೆಸರಿಡಬೇಕಾದವರು ಗ್ರೀಕರನ್ನು ಅನುಸರಿಸಿ ‘ದ್ರಾಕ್ಷಾನೀಲ’ವೆನ್ನಬೇಕಾಗಿಲ್ಲ, ನೀರಿಗೆ ಬಂದಾಗ ಅದು ನೀಲವಾಗಿರುವುದಿಲ್ಲ. ಪಾಠಪುಸ್ತಕಗಳಿಗೆ ‘ದ್ರಾಕ್ಷಾರಾಗ’ ಸಾಕು. ಸೀಸೆಯ ಮೇಲಿನ ಚೀಟಿಗೆ ‘ದ್ರಾಕ್ಷಿಸಿಪ್ಪೆಯ ಬಣ್ಣ’ವೆಂದೇ ಇರಲಿ, ಎಲ್ಲಿಂದ ಬಂದಿತೆಂಬುದು ಓದಿದೊಡನೆ ತಿಳಿಯುವುದು.